ಮರದಡಿಯ ಮನೆಗೆ ಹತ್ತು ಅಂಕ

ಬಾಹ್ಯಾಕಾಶ ಶಿಕ್ಷಣ ವಿಭಾಗದ ನಿರ್ದೇಶಕರಾದ ಮಾನ್ಯರೇ,

ನನ್ನ ತರಗತಿಯ ಮೂವತ್ತೆಂಟು ಮಕ್ಕಳ ಕೈಯಲ್ಲಿ ಅವರವರ ಮನೆ ಕೆಡವುವ ನಕ್ಷೆಯನ್ನು ತಾವು ಬರೆಸಿಕೊಂಡಿರಿ. ಮುಂದೆ ನಿಂತು ಬರೆಸಿದವಳು ನಾನು. ಆದ್ದರಿಂದ ಈ ಪತ್ರದಲ್ಲಿ ಆರೋಪಿಗಳು ಇಬ್ಬರು, ಅವರಲ್ಲಿ ಒಬ್ಬಳು ಈಗಾಗಲೇ ತಪ್ಪೊಪ್ಪಿಕೊಂಡಿದ್ದಾಳೆ. ಇನ್ನೊಬ್ಬರ ಅಭಿಪ್ರಾಯ ತಿಳಿಯೋಣವೆಂದು ತಮ್ಮ ಕಚೇರಿಗೆ ಮೂರು ಸಲ ಬರೆದೆ. ಬರಹದಲ್ಲಿ ಬಂದದ್ದು ಒಂದೇ ಉತ್ತರ: 'ಕಾರ್ಯಕ್ರಮದ ಬಗ್ಗೆ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು.' ಆಸಕ್ತಿ ಇನ್ನೂ ಕುಂದಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಮಗೆ ನಮ್ಮ ಶಾಲೆ ಮೇಲಿನಿಂದ ಮಾತ್ರ ಗೊತ್ತು. ಕೆಳಗಿನಿಂದ ಅದು ಹೀಗಿದೆ: ಮುಚ್ಚಿಹೋದ ಕಲ್ಲುಕ್ವಾರಿಯ ಅಂಚಿನಲ್ಲಿ ಆರು ಕೋಣೆ, ಒಂದು ನಲ್ಲಿ, ಮತ್ತು ಪ್ರಯೋಗಾಲಯವೆಂದು ನಾವು ಕರೆಯುವ ಒಂದು ಕಬ್ಬಿಣದ ಬೀರು. ಬೀರಿನಲ್ಲಿ ಶಕ್ತಿ ಕಳೆದುಕೊಂಡ ಎರಡು ಆಯಸ್ಕಾಂತ, ಸ್ಟ್ಯಾಂಡಿಲ್ಲದ ಒಂದು ಗ್ಲೋಬು. ಕ್ವಾರಿಯಲ್ಲಿ ಕಲ್ಲು ಒಡೆಯಲು ಬಂದವರು ಕೆಲಸ ನಿಂತ ಮೇಲೆ ಅದರ ಇಳಿಜಾರಿನಲ್ಲೇ ಮನೆ ಕಟ್ಟಿಕೊಂಡು ಉಳಿದರು. ಅವರ ಮಕ್ಕಳೇ ನಮ್ಮ ಮಕ್ಕಳು. ಇಂಥ ಶಾಲೆಗೆ ಕಳೆದ ವರ್ಷ ತಮ್ಮ ಪೆಟ್ಟಿಗೆ ಬಂತು. ಮೇಲೆ 'ಆಕಾಶದಿಂದ ನಮ್ಮೂರು, ಕಿರಿಯ ಕಲಿಕಾರ್ಥಿಗಳಿಗಾಗಿ' ಎಂದು ಬರೆದಿತ್ತು. ಒಳಗೆ ಹೊಳೆಯುವ ದಪ್ಪ ಹಾಳೆಗಳು, ತಲೆಗೊಂದರಂತೆ ಭೂತಗನ್ನಡಿ. ಹದಿನೆಂಟು ವರ್ಷದ ನೌಕರಿಯಲ್ಲಿ ತಲೆಗೊಂದು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು. ಬಂದದ್ದು ಕಣ್ಣೀರು.

ಮೊದಲ ತಿಂಗಳು ಚಂದ್ರನದು. ಬೆಳಕು ಎಡಗಡೆಯಿಂದ ಬೀಳುತ್ತಿದ್ದರೆ, ಎಡದ ಅಂಚು ಕಪ್ಪಾಗಿರುವುದು ಕುಳಿ, ಬಲದ ಅಂಚು ಕಪ್ಪಾಗಿರುವುದು ದಿಬ್ಬ. ಇಷ್ಟು ಹೇಳಿಕೊಟ್ಟದ್ದೇ ತಡ, ಮಕ್ಕಳು ಹಾಳೆಯ ಮೇಲೆ ಮೂಗಿಟ್ಟು ಮಲಗಿಬಿಟ್ಟರು. ಎಲ್ಲರಿಗಿಂತ ಹೆಚ್ಚು ಕುಳಿ ಹುಡುಕಿದವಳು ದರ್ಜಿಯೊಬ್ಬರ ಮಗಳು. ಅವತ್ತಿನಿಂದ ತರಗತಿಯಲ್ಲಿ ಅವಳ ಹೆಸರು ದುರ್ಬೀನು. ಅಪ್ಪನ ಹೊಲಿಗೆ ಯಂತ್ರದ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ಅದು.

"ಟೀಚರ್, ಅಲ್ಲಿ ಯಾರೂ ಇಲ್ವಾ?"

"ಯಾರೂ ಇಲ್ಲ ಕಣೆ. ಗಾಳಿನೂ ಇಲ್ಲ."

"ಮತ್ತೆ ಇಷ್ಟೊಂದು ಗುಂಡಿ ಯಾಕೆ ಎಣಿಸ್ತಾರೆ?"

"ಮುಂದೆ ಅಲ್ಲಿ ಇಳಿಯೋರಿಗೆ ಜಾಗ ಗೊತ್ತಾಗ್ಬೇಕಲ್ವಾ?" ಎಂದೆ.

ಎರಡನೆಯ ತಿಂಗಳು ಹಾಳೆ ಬದಲಾಯಿತು. ಈಗ ಅದರಲ್ಲಿದ್ದದ್ದು ನಮ್ಮ ಕ್ವಾರಿಯ ಇಳಿಜಾರು. ಮೂಲೆಯಲ್ಲಿ ಸಣ್ಣ ಅಕ್ಷರ: 'ಉಪಗ್ರಹ ನಿಮ್ಮೂರಿನ ಮೇಲೆ ಹಾದುಹೋಗುವ ಹೊತ್ತು, ಬೆಳಿಗ್ಗೆ ಹತ್ತೂವರೆ.' ಮಕ್ಕಳು ಕೂಗಾಡಿದರು. ನಮ್ಮನೆ, ನಿಮ್ಮನೆ, ಅಗೋ ನೀರಿನ ಟ್ಯಾಂಕು! ಪ್ರತಿ ಛಾವಣಿಗೂ ಸಂಖ್ಯೆ ಕೊಡಬೇಕು. ತಗಡಿಗೆ ಕೆಂಪು, ಟಾರ್ಪಾಲಿಗೆ ನೀಲಿ ಬಳಿಯಬೇಕು. ಪಕ್ಕದ ಪಟ್ಟಿಯಲ್ಲಿ, ಮನೆಯವರು ಎಷ್ಟು ಜನ, ಬಂದು ಎಷ್ಟು ವರ್ಷವಾಯಿತು ಎಂದು ಹಿರಿಯರನ್ನು ಕೇಳಿ ತುಂಬಬೇಕು. ಕೊನೆಯಲ್ಲಿ ತಮ್ಮ ವಿಶೇಷ ಪ್ರಶ್ನೆ: 'ಉಪಗ್ರಹಕ್ಕೆ ಕಾಣದೆ ಮರದಡಿ ಅಥವಾ ನೆರಳಿನಲ್ಲಿ ಉಳಿದಿರುವುದನ್ನು ಗುರುತಿಸಿ. ಹತ್ತು ಅಂಕ.'

ಮಾನ್ಯರೇ, ಈ ಪ್ರಶ್ನೆಯನ್ನು ಬರೆದ ಕೈ ಯಾರದು? ಮಕ್ಕಳ ಮನಸ್ಸು ಬಲ್ಲ ಜಾಣರೇ ಇರಬೇಕು. ಆಕಾಶದಲ್ಲಿರುವ ಯಂತ್ರಕ್ಕೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂದರೆ ಹನ್ನೆರಡು ವರ್ಷದ ಮಗು ಎಷ್ಟು ಉಬ್ಬುತ್ತದೆ! ದೊಡ್ಡ ಹುಣಸೆಮರದ ಹಸಿರಿನ ಮೇಲೆ ಪೆನ್ಸಿಲು ಇಟ್ಟು ದುರ್ಬೀನು ನನ್ನನ್ನು ಕರೆದಳು.

"ಟೀಚರ್, ಇದರ ಕೆಳಗೆ ನಮ್ಮ ಚಿಕ್ಕಮ್ಮನ ಮನೆ ಇದೆ. ಫೋಟೋದಲ್ಲಿ ಬರೀ ಎಲೆ ಕಾಣ್ಸುತ್ತೆ. ಬರೀಲಾ?"

"ಬರಿ ಬರಿ. ಉಪಗ್ರಹಕ್ಕಿಂತ ನೀನೇ ಜೋರು ಅಂತ ತೋರಿಸು."

ನಾನು ಹಾಗೆಂದೆ. ಅವಳು ಮರದ ಮೇಲೆ ಪುಟ್ಟ ಚೌಕ ಬರೆದು, ಒಳಗೆ ನಲವತ್ತೊಂದು ಎಂದು ಬರೆದಳು. ಪಟ್ಟಿಯಲ್ಲಿ 'ಚಿಕ್ಕಮ್ಮ, ಒಂದು ಪಾಪು, ಬಂದು ಎರಡು ವರ್ಷ' ಎಂದು ತುಂಬಿದಳು. ಹತ್ತಕ್ಕೆ ಹತ್ತು ಕೊಟ್ಟೆ.

ಹಾಳೆಗಳನ್ನು ತಮಗೆ ಕಳಿಸಿದೆವು. ನಾಲ್ಕು ತಿಂಗಳ ನಂತರ ಶಾಲೆಯ ಗೇಟಿಗೆ ತೆರವಿನ ನೋಟಿಸು ಅಂಟಿಸಿದರು, ಜೊತೆಗೆ ಒಂದು ನಕ್ಷೆ. ದೊಡ್ಡವರು ಓದಿದ್ದು ಅಕ್ಷರ. ಮಕ್ಕಳ ಕಣ್ಣು ಹೋದದ್ದು ನಕ್ಷೆಯ ಮೇಲೆ. ದುರ್ಬೀನು ಗುಂಪಿನ ನಡುವಿನಿಂದ ನುಸುಳಿ ಓಡಿ ಬಂದಳು. ಮುಖವೆಲ್ಲ ನಗು.

"ಟೀಚರ್, ಟೀಚರ್! ಗೇಟಲ್ಲಿ ನನ್ನ ಅಕ್ಷರ ಹಾಕಿದ್ದಾರೆ! ನಲವತ್ತೊಂದು, ನಾನು ಬರ್ದಿದ್ದು!"

ಅವಳ ಹಿಂದೆಯೇ ಅವಳ ಅಪ್ಪ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಮಗಳ ತಲೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಮೇಡಂ, ಇವಳಿಗೆ ಏನೂ ಹೇಳ್ಬೇಡಿ. ಖುಷಿಯಲ್ಲಿದ್ದಾಳೆ," ಎಂದರು. ಅವರು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಒಂಬತ್ತನೆಯ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಯಂತ್ರಗಳು ಬಂದವು. ಮುಖ್ಯೋಪಾಧ್ಯಾಯರು ಕಿಟಕಿ ಮುಚ್ಚಿಸಿದರು. ಕಿಟಕಿ ಮುಚ್ಚಿದರೆ ಸದ್ದು ನಿಲ್ಲುತ್ತದೆಯೇ? ಪ್ರತಿ ಸಲ ತಗಡು ಕುಸಿದಾಗ ಒಂದೊಂದು ಮಗು ತಲೆಯೆತ್ತುತ್ತಿತ್ತು. ಎಲ್ಲರಿಗೂ ನಕ್ಷೆ ಬಾಯಿಪಾಠ, ಅದು ಯಾರ ಮನೆಯೆಂದು ದಿಕ್ಕಿನಿಂದಲೇ ಗೊತ್ತಾಗುತ್ತಿತ್ತು. ಯಂತ್ರದವರು ಮೊದಲು ಹೋದದ್ದು ಹುಣಸೆಮರದ ಕಡೆಗೆ. ಮರ ಕಡಿಯದೆ ಒಳಗೆ ಹೋಗಲು ದಾರಿಯಿರಲಿಲ್ಲ, ಮರ ಕಡಿದರು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗಿದ್ದಳು, ಪಾಪು ಪಕ್ಕದ ಮನೆಯ ಅಜ್ಜಿಯ ಹತ್ತಿರ ಇತ್ತು. ಅಜ್ಜಿ ಅದನ್ನು ಎತ್ತಿಕೊಂಡು ಹೊರಗೆ ಬಂದದ್ದರಿಂದ ಅದು ಬದುಕಿದೆ. ಸಂಜೆಯ ಹೊತ್ತಿಗೆ ಅರವತ್ತಮೂರು ಮನೆ ನೆಲಸಮ. ನನ್ನ ತರಗತಿಯಲ್ಲಿ ಈಗ ಇಪ್ಪತ್ತೊಂದು ಮಕ್ಕಳು.

ದುರ್ಬೀನಿನ ಮನೆಯವರು ಪೇಟೆಯ ಆಚೆ ಒಂದು ಗೋದಾಮಿನ ಹಿಂದಿನ ಕೋಣೆಯಲ್ಲಿದ್ದಾರೆ. ಹೋಗಿ ಬಂದೆ. ಹೊಲಿಗೆ ಯಂತ್ರಕ್ಕೆ ಜಾಗವಿಲ್ಲದೆ ಅದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಶಾಲೆಗೆ ಬಾ ಎಂದೆ, ಬಸ್ಸಿನ ವ್ಯವಸ್ಥೆ ನಾನು ಮಾಡುತ್ತೇನೆ ಎಂದೆ. ಅವಳು ಹೇಳಿದ್ದಿಷ್ಟು:

"ಮರ ಯಾರಿಗೂ ಹೇಳಿರ್ಲಿಲ್ಲ ಟೀಚರ್. ನಾನೇ ಹೇಳ್ದೆ."

ಇದಕ್ಕೆ ಏನು ಉತ್ತರ ಕೊಡಬೇಕೆಂದು ತಮ್ಮ ಶಿಕ್ಷಕರ ಕೈಪಿಡಿಯಲ್ಲಿ ಹುಡುಕಿದೆ, ಸಿಗಲಿಲ್ಲ. ತಮ್ಮ ಅಧಿಕಾರಿಯೊಬ್ಬರು ಮಾತ್ರ ಫೋನಿನಲ್ಲಿ ಬೆಣ್ಣೆಯಂತೆ ವಿವರಿಸಿದರು. ಮಾಹಿತಿಯನ್ನು ಬೇರೆ ಇಲಾಖೆಗಳೊಡನೆ ಹಂಚಿಕೊಳ್ಳುವುದು ನಿಯಮವಂತೆ, ಮಕ್ಕಳು ಬರೆದದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದರು. ನಿಜ, ಸುಳ್ಳಿಲ್ಲ. ಮಕ್ಕಳು ಸುಳ್ಳು ಬರೆಯುವುದಿಲ್ಲ ಎಂಬುದನ್ನು ನಂಬಿಯೇ ತಾನೇ ತಾವು ಸಮೀಕ್ಷೆಯವರನ್ನು ಬಿಟ್ಟು ಏಳನೇ ತರಗತಿಗೆ ಬಂದದ್ದು? ಸರ್ವೆಯವನು ಬಂದರೆ ಬಾಗಿಲು ಹಾಕಿಕೊಳ್ಳುವ ಅಜ್ಜಿ, ಮೊಮ್ಮಗಳು ಹೋಂವರ್ಕ್ ಎಂದರೆ ಎಲ್ಲವನ್ನೂ ಹೇಳುತ್ತಾಳೆ. ನಮ್ಮ ಬೆರಳಿನಿಂದಲೇ ನಮ್ಮ ಕಣ್ಣು ಚುಚ್ಚಿಸುವುದಕ್ಕೆ ಇಷ್ಟು ಚೆಂದದ ಪಠ್ಯಕ್ರಮ ಬೇರೆ ಯಾರಿಗೆ ಹೊಳೆದೀತು?

ಮುಗಿದುಹೋದದ್ದಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಮೊನ್ನೆ ಎರಡನೆಯ ಪೆಟ್ಟಿಗೆ ಬಂದಿದೆ. ಈ ಸಲ ಐದನೇ ತರಗತಿಗೆ. ಚಂದ್ರನ ಹಾಳೆ ಒಂದೇ ಇದೆ, ಅದೂ ಚಿಕ್ಕದು. ಉಳಿದದ್ದೆಲ್ಲ ಐದನೆಯ ಕೆಲವು ಮಕ್ಕಳ ಮನೆಯಿರುವ ಹೊಳೆಯಾಚೆಯ ಬಡಾವಣೆ. ಪಟ್ಟಿಯಲ್ಲಿ ಎರಡು ಹೊಸ ಅಂಕಣಗಳಿವೆ: 'ಬಾಗಿಲು ಯಾವ ದಿಕ್ಕಿಗೆ?', 'ಹಗಲು ಮನೆಯಲ್ಲಿ ಯಾರಿರುತ್ತಾರೆ?' ಇವನ್ನು ಬಾಹ್ಯಾಕಾಶ ವಿಜ್ಞಾನದ ಯಾವ ಶಾಖೆಯಲ್ಲಿ ಓದಿಸುತ್ತಾರೆ, ಮಾನ್ಯರೇ? ಯಾವ ಗ್ರಹದ ಮೇಲೆ ಇಳಿಯುವುದಕ್ಕೆ ಈ ಸಿದ್ಧತೆ?

ಪೆಟ್ಟಿಗೆಯನ್ನು ನಾನು ಬೀರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಮುಖ್ಯೋಪಾಧ್ಯಾಯರು ಹೆದರಿದ್ದಾರೆ. "ನೀವು ಕೊಡದಿದ್ರೆ ಏನಾಯ್ತು? ಬೇರೆ ಆರು ಶಾಲೆಯವರು ತುಂಬಿ ಕಳಿಸಿ ಆಯ್ತಂತೆ," ಎಂದರು. ಅಂದರೆ ಆ ಬಡಾವಣೆಯ ಬಾಗಿಲುಗಳು ಯಾವ ದಿಕ್ಕಿಗಿವೆ ಎಂದು ತಮಗೆ ಈಗಾಗಲೇ ಗೊತ್ತಿದೆ. ತಮಗೆ ಗೊತ್ತಿದೆಯೆಂಬುದು ಅಲ್ಲಿಯವರಿಗೆ ಮಾತ್ರ ಇನ್ನೂ ಗೊತ್ತಿಲ್ಲ. ಅವರಿಗಾಗಿಯೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ: ತಂದೆ ತಾಯಿಯರೇ, ಮಗು ಹೊಳೆಯುವ ಹಾಳೆ ಹಿಡಿದು ಪ್ರಶ್ನೆ ಕೇಳಿದರೆ, ಉತ್ತರ ಕೊಡುವ ಮೊದಲು ಹಾಳೆಯ ಹಿಂದೆ ಯಾರಿದ್ದಾರೆಂದು ಕೇಳಿ.

ತಮ್ಮಲ್ಲಿ ನನ್ನ ಬೇಡಿಕೆ ಇದು. ನನ್ನ ಮಕ್ಕಳು ಬರೆದ ಮೂವತ್ತೆಂಟು ಹಾಳೆಗಳನ್ನು ಹಿಂದಿರುಗಿಸಿ, ನಕಲುಗಳ ಸಮೇತ. ಆ ಹಾಳೆಗಳು ಯಾರ ಯಾರ ಮೇಜಿಗೆ ಹೋದವೆಂದು ಲಿಖಿತವಾಗಿ ತಿಳಿಸಿ. ಆರು ಶಾಲೆಗಳಿಂದ ಬಂದ ಹಾಳೆಗಳನ್ನು ತೆರೆಯಬೇಡಿ. ಮತ್ತು ಗೋದಾಮಿನ ಹಿಂದಿನ ಕೋಣೆಗೆ ತಾವೇ ಹೋಗಿ, ಆ ಹುಡುಗಿಯ ಎದುರು ನೆಲದ ಮೇಲೆ ಕೂತು, ತಪ್ಪು ಅವಳದಲ್ಲ ಎಂದು ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ನಿನ್ನೆ ಬಿಡುವಿನಲ್ಲಿ ಮಕ್ಕಳೆಲ್ಲ ಗೋಡೆಗೆ ಒತ್ತಿಕೊಂಡು ಸೂರಿನ ಕೆಳಗೇ ನಿಂತಿದ್ದರು. ಅಂಗಳ ಬರಿದಾಗಿತ್ತು. ಆಡಲು ಹೋಗಿ ಎಂದೆ. ಐದನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ಆಕಾಶದತ್ತ ಬೊಟ್ಟು ಮಾಡಲೂ ಹೆದರಿ, ಗದ್ದವನ್ನಷ್ಟೇ ಮೇಲಕ್ಕೆತ್ತಿ ಪಿಸುಗುಟ್ಟಿದಳು: "ಈಗ ಹತ್ತೂವರೆ, ಟೀಚರ್. ಅದು ಬರೋ ಟೈಮು."

ಇಂತಿ,
ಮಕ್ಕಳಿಗೆ ಆಕಾಶ ತೋರಿಸುತ್ತೇನೆಂದು ಹೊರಟು, ಆಕಾಶಕ್ಕೆ ಮಕ್ಕಳನ್ನು ತೋರಿಸಿಕೊಟ್ಟ
ವಿಜ್ಞಾನ ಶಿಕ್ಷಕಿ
(ಈ ಪತ್ರ ಅಚ್ಚಾಗುವ ತನಕವಾದರೂ)