ಹೊತ್ತಿದ ರೊಟ್ಟಿ

ಕಗ್ಗದಾಸಪುರ, ಬೆಂಗಳೂರು
೧೬ ನವೆಂಬರ್ ೨೦೨೫, ಭಾನುವಾರ

ಅಕ್ಕ ಜಟ್ಟೆಮ್ಮನಿಗೆ ತಮ್ಮ ಭಗವಂತರಾಯನ ನಮಸ್ಕಾರ.

ನಿನ್ನ ಫೋನು ಮೂರು ಸಲ ಬಂತು, ಎತ್ತಲಿಲ್ಲ. ತಪ್ಪು ತಿಳಿಯಬೇಡ. ಕಾಗದದಲ್ಲಿ ದನಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗ ಮುತ್ತಣ್ಣನ ಕೈಲಿ ಓದಿಸಬೇಡ, ಅಕ್ಷರ ಕೂಡಿಸಿ ನೀನೇ ಓದಿಕೋ.

ಮುತ್ತಣ್ಣನ ಮದುವೆಗೆ ನಾವು ಬರಲಿಲ್ಲ. ಕಾವೇರಿಗೆ ಜ್ವರ ಎಂದದ್ದು ಸುಳ್ಳು. ನನ್ನ ಮಗಳು ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಿದ್ದಳು. ಈಗ ಮಾಯುತ್ತಿದೆ. ಕಾಲೇಜಿಗೂ ಹೋಗುತ್ತಿದ್ದಾಳೆ.

ಅವಳ ಅವ್ವ ತೀರಿದ ಮೇಲೆ ಹುಡುಗಿಗೆ ಫೋನೇ ಗೆಳತಿ. ಕುಣಿದು ವಿಡಿಯೋ ಹಾಕುತ್ತಿದ್ದಳು. ನನಗೆ ತಿಳಿದದ್ದು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ, ಊಟದ ಹೊತ್ತಿಗೆ. ಜೊತೆಗಾರ ಆನಂದ್ ತೋರಿಸಿ, "ಗುರು, ಇದು ನಿಮ್ಮ ಮಗಳಲ್ವಾ? ಸಖತ್ತಾಗಿ ಕುಣೀತಾಳೆ" ಎಂದ. ಸುತ್ತಲಿದ್ದವರೆಲ್ಲ ಬಗ್ಗಿ ನೋಡಿದರು. ನಾನು ಡಬ್ಬಿ ಮುಚ್ಚಿ ಎದ್ದೆ.

ಮನೆಗೆ ಬಂದು ಬೈದೆ, ಫೋನು ಕಸಿದಿಟ್ಟೆ. ಅವಳು ನಮ್ಮ ಬಾಡಿಗೆ ಮನೆ ಮಾಲೀಕರ ಮಗಳು ಭವ್ಯಳ ಫೋನಿನಿಂದ ಮತ್ತೆ ಹಾಕಿದಳು.

ಆ ವಿಡಿಯೋಗಳ ಕೆಳಗೆ ಹೆಸರಿಲ್ಲದವನೊಬ್ಬ ಬರೆಯತೊಡಗಿದ, "ಹೊತ್ತಿದ ರೊಟ್ಟಿ ಮಾರಿ, ಮನ್ಯಾಗ ಕೂಡು" ಎಂದು. ಮಾರಿ ಎಂದರೆ ಮುಖ ಎಂದು ಇಲ್ಲಿಯವರಿಗೆ ಗೊತ್ತಿಲ್ಲ. ಭವ್ಯ ನಕ್ಕು, "ಮಾರಮ್ಮ ಅಂತವ್ನೆ ಕಣೇ, ಕೈಮುಗಿದು ಬಿಡು" ಎಂದಳಂತೆ. ಕಾವೇರಿ ನಗಲಿಲ್ಲವಂತೆ. ವಿಡಿಯೋ ನಿಂತವು. ತುಂಬು ತೋಳಿನ ಅಂಗಿ ಹಾಕತೊಡಗಿದಳು. ಬುದ್ಧಿ ಬಂತು ಎಂದುಕೊಂಡೆ, ಅಕ್ಕ. ಸಂತೋಷಪಟ್ಟೆ.

ಆಸ್ಪತ್ರೆಯಲ್ಲಿ ಆದಿಲಕ್ಷ್ಮಿ ಎಂಬ ಕೌನ್ಸೆಲರ್ ಮೇಡಂ ನಮ್ಮಿಬ್ಬರೊಡನೆಯೂ ಮಾತಾಡುತ್ತಾರೆ. "ಕಾರಣ ಒಂದೇ ಇರಲ್ಲ ಸರ್. ಬೈಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು" ಎಂದರು. ಆಮೇಲೆ, "ನಿಮಗೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ.

ಮುತ್ತಣ್ಣನಿಗೂ ನಿನ್ನ ಸೊಸೆಗೂ ಆಶೀರ್ವಾದ. ಅವರು ಒಬ್ಬರ ಮಾತು ಒಬ್ಬರಿಗೆ ಕೇಳುವಂತೆ ಬಾಳಲಿ.

ನಿನ್ನ ತಮ್ಮ,
ಭಗವಂತರಾಯ

ತಾ.ಕ.: ಮರೆತು ಉಳಿದದ್ದಲ್ಲ, ಬರೆಯಲು ಕೈ ಬರಲಿಲ್ಲ. ರೊಟ್ಟಿ ಮಾರಿ ಎಂದು ಓದಿದಾಗಲೇ ನಿನಗೆ ತಿಳಿದಿರಬೇಕು. ಚಿಕ್ಕಂದಿನಲ್ಲಿ ನೀನು ನನ್ನನ್ನು ಕರೆಯುತ್ತಿದ್ದ ಹೆಸರದು. ಕಾವೇರಿ ಹೆದರಿ ವಿಡಿಯೋ ಹಾಕುವುದು ಬಿಟ್ಟಾಳು ಎಂದು, ಹೆಸರು ಮರೆಮಾಡಿ ಬರೆದವನು ನಾನೇ. ಹನ್ನೊಂದು ಸಲ ಬರೆದೆ.

ನಿನ್ನೆ ಅವಳಿಗೆ ಹೇಳಿದೆ. "ಗೊತ್ತಿತ್ತಪ್ಪ" ಎಂದಳು. "ಬೆಂಗಳೂರಾಗ ಮತ್ತ್ಯಾರು ಹಂಗಂತಾರ?" ಮೊದಲ ದಿನದಿಂದಲೇ ಗೊತ್ತಿತ್ತಂತೆ.

ಆಮೇಲೆ ರೊಟ್ಟಿ ಬಡಿಯಲು ಕೂತಳು. ಒಂದು ಹೊತ್ತಿತು. ಅದನ್ನು ತನ್ನ ತಾಟಿಗೇ ಹಾಕಿಕೊಂಡಳು, ಕಪ್ಪಾದ ಮಗ್ಗಲು ನನಗೆ ಕಾಣದಂತೆ ಕೆಳಗೆ ಮಾಡಿ.