ಕೆಳಪೇಟೆಯ ಜನರಲ್

ಗ್ರೀಫೆನ್‌ವಾಲ್,
ಮಾರ್ಚ್ ೯, ೧೭೮೪

ನನ್ನ ಮುದ್ದು ಆಲ್ಬರ್ಟೀನಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ತಂದೆಯನ್ನು ಮಣ್ಣು ಮಾಡಿ ಬಂದೆವು. ಹಿಮ ಕಟ್ಟಿದ ದಾರಿಯಲ್ಲಿ, ಎಳೆಗೂಸನ್ನು ಎತ್ತಿಕೊಂಡು, ನೀನು ಕೋನಿಗ್ಸ್‌ಬರ್ಗ್‌ನಿಂದ ಹೊರಡದೆ ಇದ್ದದ್ದೇ ಒಳ್ಳೆಯದಾಯಿತು, ಕೊರಗಬೇಡ. ಪಾದ್ರಿಗಳು ನಿನ್ನ ತಂದೆ ಕಾದಿದ ಯುದ್ಧಗಳನ್ನೆಲ್ಲ ಹೆಸರು ಹಿಡಿದು ಹೊಗಳಿದರು. ಕೇಳುತ್ತ ಕೂತಿದ್ದ ನನಗೆ, ಇವರು ಬೇರೆ ಯಾರದೋ ಗಂಡನ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸಿತು. ಅದಕ್ಕೇ ನಿನಗಾದರೂ ಬರೆಯೋಣವೆಂದು ಕೂತಿದ್ದೇನೆ.

ಎವಾಲ್ಡ್ ಫಾನ್ ಡಾರ್ಗೆನಿಟ್ಸ್ ಎಂಬ ನಿನ್ನ ತಂದೆಯ ಹೆಸರಿನ ಗತ್ತಿಗೆ ಮರುಳಾಗಬೇಡ. ಪೊಮೆರೇನಿಯಾದ ಅವರ ಮನೆಯ ಮಾಡು ಸೋರುತ್ತಿತ್ತು. ಹೆಸರು ಕುಲೀನರದು, ಒಲೆಯ ಮೇಲೆ ಮಾತ್ರ ದಿನವೂ ಗಂಜಿ. ಅಂಥ ಮನೆಯ ಕಿರಿಮಗ ಸೈನ್ಯವಲ್ಲದೆ ಇನ್ನೇನು ಸೇರುತ್ತಾನೆ? ಮೀಸೆ ಮೂಡುವ ಮೊದಲೇ ಬರ್ಲಿನ್ನಿನ ಕೆಡೆಟ್ ಶಾಲೆಗೆ ಹಾಕಿದರು. ಸೈನಿಕರೆಲ್ಲ ಹೆಣೆದುಕೊಳ್ಳುವ ಜಡೆಗೆ ಬಿಳಿ ಹಿಟ್ಟು ಸರಿಯಾಗಿ ಮೆತ್ತಿಲ್ಲವೆಂದು ಅಲ್ಲಿನ ಸಾರ್ಜೆಂಟ್ ಜಡೆಯನ್ನೇ ಹಿಡಿದು ಜಗ್ಗುತ್ತಿದ್ದನಂತೆ. ಜನರಲ್ ಆದ ಮೇಲೂ, ನಾನು ಜಡೆ ಹೆಣೆಯಲು ಕೂತರೆ ಸಾಕು, ಕುತ್ತಿಗೆ ಕುಗ್ಗಿಸಿಬಿಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಕೆಳಪೇಟೆಯಲ್ಲಿ. ಕೋಟೆಗೋಡೆಯ ಹೊರಗೆ, ನದಿಯತ್ತ ಇಳಿಯುವ ಆ ನೇಕಾರರ ಕೇರಿಯಲ್ಲಿ ನಿನ್ನ ತಾತ ಕ್ಯಾಪ್ಟನ್ ಕೆಲಸದಿಂದ ನಿವೃತ್ತರಾಗಿ ಜೇನು ಸಾಕಿಕೊಂಡಿದ್ದರು. ಜೇನಿನ ಗೂಡು ನೋಡುವ ನೆಪದಲ್ಲಿ ಬಂದ ಲೆಫ್ಟಿನೆಂಟ್ ಸಾಹೇಬರ ತುಟಿಗೇ ಹುಳು ಕಚ್ಚಿತು. ಊದಿಕೊಂಡ ತುಟಿಯಲ್ಲೇ ನನ್ನ ಹತ್ತಿರ ಏನೋ ಚಂದದ ಮಾತು ಹೇಳಲು ಹೋದರು. ಒಂದಕ್ಷರವೂ ಅರ್ಥವಾಗಲಿಲ್ಲ, ಆದರೂ ನಾನು ಹೂಂ ಅಂದೆ. ಅಧಿಕಾರಿಗಳ ಮದುವೆಗೆ ರಾಜರ ಅಪ್ಪಣೆ ಬೇಕಲ್ಲ. ಅದು ಬರುವಷ್ಟರಲ್ಲಿ ಅಳಿಯನ ಕೂದಲು ನರೆತು ಹಿಟ್ಟೇ ಬೇಡವಾಗಿತ್ತು ಎಂದು ತಾತ ಎಲ್ಲರೆದುರು ಛೇಡಿಸುತ್ತಿದ್ದರು.

ಆಮೇಲೆ ದೊಡ್ಡ ಯುದ್ಧ ಬಂತು. ನಾನು ತವರಿಗೆ ಬಂದು ನಿಂತೆ. ರಷ್ಯನ್ನರು ನದಿಯ ಕಡೆಗೆ ನುಗ್ಗಿ ಬಂದ ವರ್ಷ, ಕರ್ನಲ್ ಆಗಿದ್ದ ನಿನ್ನ ತಂದೆಯನ್ನು ನಮ್ಮ ಕೋಟೆಯನ್ನು ಕಾಯಲೆಂದೇ ಕಳಿಸಿದರು. ಹಿಂದೆಯೇ ಮೇಲಿನಿಂದ ಆಜ್ಞೆಯೂ ಬಂತು. ಶತ್ರುವಿಗೆ ಅಡಗಲು ಮರೆ ಇರಬಾರದು, ಗೋಡೆಯ ಮೇಲಿನ ಫಿರಂಗಿಗೆ ಬಯಲು ಬೇಕು, ಕೆಳಪೇಟೆಯನ್ನು ಸುಟ್ಟುಬಿಡಿ.

ಅವರು ಒಬ್ಬರೇ ನಡೆದುಕೊಂಡು ನಮ್ಮ ಮನೆಗೆ ಬಂದರು. ತಾತ ಜೇನುಗೂಡುಗಳಿಗೆ ಚಳಿಗಾಲದ ಹುಲ್ಲು ಹೊದಿಸುತ್ತಿದ್ದರು. ವಿಷಯ ಕೇಳಿ ಕೈ ಒರೆಸಿಕೊಂಡರು. ಆಮೇಲೆ ಹೇಳಿದ್ದು ಇಷ್ಟೇ:

"ಹಾಗಾದ್ರೆ ಮೊದಲು ನನ್ನ ಮನೆಗೇ ಇಡು ಬೆಂಕಿ. ಮಾವನ ಮನೆ ಉಳಿಸ್ಕೊಂಡ ಅಂತ ನಾಳೆ ಯಾರೂ ನಿನ್ನ ಕಡೆ ಬೆರಳು ತೋರಿಸ್ಬಾರ್ದು."

ಸೈನಿಕನ ಕೈಯಿಂದ ಪಂಜನ್ನು ನಿನ್ನ ತಂದೆಯೇ ತೆಗೆದುಕೊಂಡರು. ನಾನು ಹುಟ್ಟಿದ ಕೋಣೆಯ ಕಿಟಕಿ ಮೊದಲು ಹತ್ತಿಕೊಂಡಿತು. ಸಂಜೆಯ ಹೊತ್ತಿಗೆ ಕೇರಿಯೇ ಇರಲಿಲ್ಲ. ಜನರನ್ನೆಲ್ಲ ಕೋಟೆಯೊಳಗಿನ ಉಪ್ಪಿನ ಉಗ್ರಾಣಕ್ಕೆ ತುಂಬಿದರು.

ಶತ್ರು ಬರಲೇ ಇಲ್ಲ, ಮಗಳೇ. ಮೊದಲ ಹಿಮ ಬೀಳುವ ಮೊದಲೇ ರಷ್ಯನ್ನರು ಹಿಂದಿರುಗಿದರೆಂದು ಸುದ್ದಿ ಬಂತು. ನಮ್ಮ ಗೋಡೆಯಿಂದ ಒಂದು ಗುಂಡೂ ಹಾರಲಿಲ್ಲ. ಆ ಚಳಿಗಾಲದ ಬಗ್ಗೆ ಹೆಚ್ಚು ಬರೆಯಲಾರೆ.

ತಾತ ನಮ್ಮ ಜೊತೆಗೇ ಇದ್ದರು. ಒಂದೇ ಮೇಜಿನಲ್ಲಿ ಊಟ, ಊಟವಾದ ಮೇಲೆ ಇಸ್ಪೀಟು. ಆದರೆ ಅಂದಿನಿಂದ ಅಳಿಯನನ್ನು ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೂ ಹಿಂದೆಯೂ 'ಕರ್ನಲ್ ಸಾಹೇಬರು'. ಯುದ್ಧ ಮುಗಿದು ನಿನ್ನ ತಂದೆ ಜನರಲ್ ಆದ ಸುದ್ದಿ ಬಂದಾಗ, ಸೂಪಿನ ಬಟ್ಟಲಿನಿಂದ ತಲೆಯೆತ್ತಿ, "ಇನ್ಮೇಲೆ ಜನರಲ್ ಸಾಹೇಬ್ರು ಅನ್ಬೇಕೋ? ಈ ವಯಸ್ಸಲ್ಲಿ ನಾಲಿಗೆಗೂ ಕವಾಯತು" ಎಂದರು. ತೊಟ್ಟಿಲಿನಲ್ಲಿದ್ದ ನೀನು ಬೆಚ್ಚಿ ಎಚ್ಚರಗೊಳ್ಳುವಷ್ಟು ನಾನು ನಕ್ಕೆ.

ಇಲ್ಲಿನ ರೆಜಿಮೆಂಟೇ ನಿನ್ನ ತಂದೆಯ ಪಾಲಿಗೆ ಬಂತು. ಬೆಳಗಿನ ಕವಾಯತು ಮುಗಿದರೆ, ಗಾರೆ ಕೆಲಸ ಬಲ್ಲ ಸೈನಿಕರನ್ನು ಕರೆದುಕೊಂಡು ಕೆಳಪೇಟೆಗೆ ಇಳಿಯುತ್ತಿದ್ದರು. ಕೋಟು ಬಿಚ್ಚಿಟ್ಟು ತಾವೂ ಇಟ್ಟಿಗೆ ಹೊರುತ್ತಿದ್ದರು. ಮೊದಮೊದಲು ಅಲ್ಲಿ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಹೆಂಗಸರು ಮುಖ ತಿರುಗಿಸುತ್ತಿದ್ದರು. ನಿನ್ನ ತಂದೆ ಕ್ಷಮೆ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಪ್ರತಿ ಮನೆಯವರನ್ನೂ ಒಂದೇ ಮಾತು ಕೇಳುತ್ತಿದ್ದರು: ಬಾಗಿಲು ಯಾವ ಕಡೆಗಿತ್ತು? ಆ ಕಡೆಗೇ ಇಡಿಸುತ್ತಿದ್ದರು.

ತಪಾಸಣೆಗೆ ಬಂದ ಒಬ್ಬ ದೊಡ್ಡ ಅಧಿಕಾರಿ ಇದನ್ನು ಕಂಡು, ಇಲ್ಲಿ ಜನರಲ್ ಯಾರು ಮೇಸ್ತ್ರಿ ಯಾರು ಎಂದು ಎಲ್ಲರ ಮುಂದೆ ಹಂಗಿಸಿದ. ಮುಂದಿನ ಬಡ್ತಿ ಇವರನ್ನು ದಾಟಿ ಕಿರಿಯರಿಗೆ ಹೋಯಿತು. ಅದರ ಮುಂದಿನದೂ ಹೋಯಿತು. ನಾನು ಅತ್ತೆ. ಅವರು ಬೂಟು ಕಳಚುತ್ತ, "ಬಿಡೇ ಯೂಲೆ, ಇನ್ನೊಂದು ಮೆಟ್ಲು ಹತ್ತಿದ್ರೆ ಮಂಡಿ ನೋಯ್ತಿತ್ತು" ಎಂದರು.

ತಮ್ಮ ಮನೆ ಎಲ್ಲರದೂ ಆದ ಮೇಲೆಯೇ ಏಳಬೇಕೆಂದು ತಾತ ಹಟ ಹಿಡಿದಿದ್ದರು. ಕೊನೆಗೂ ಅದು ಎದ್ದಿತು. ಕೋಲೂರಿಕೊಂಡು ಸುತ್ತ ನೋಡಿ ಬಂದು ಹೇಳಿದರು:

"ಎವಾಲ್ಡ್, ಬಾಗ್ಲು ಒಂಚೂರು ಓರೆ ಕೂತಿದೆ."

ನಿನ್ನ ತಂದೆ ಕರಣೆ ಹಿಡಿದುಕೊಂಡೇ ಗೋಡೆಯತ್ತ ತಿರುಗಿ ನಿಂತುಬಿಟ್ಟರು. ಆ ಬಾಗಿಲು ಇಂದಿಗೂ ಓರೆಯೇ ಇದೆ. ಸರಿಮಾಡಲು ಇಬ್ಬರೂ ಬಿಡಲಿಲ್ಲ.

ಈ ಚಳಿಗಾಲ ನಿನ್ನ ತಂದೆ ಹಾಸಿಗೆ ಹಿಡಿದಾಗ, ನನ್ನನ್ನು ಸೈನ್ಯದ ಚರ್ಚಿನ ನೆಲಮಾಳಿಗೆಯಲ್ಲಿ ಇಡಬೇಡ, ಕೆಳಪೇಟೆಯವರ ಸಮಾಧಿ ಅಂಗಳದಲ್ಲಿ ಮಲಗಿಸು ಎಂದರು. ಅಲ್ಲಿನವರನ್ನು ಕೇಳದೆ ಹೇಗೆ ಮಾಡಲಿ? ಕೇರಿಗೆ ಹಿರಿಯಳಾದ ಗೆರ್ಟ್ರೂಡ್ ಕ್ರಾಮ್ ಬಳಿಗೆ ಹೋದೆ. ಅಂದು ಅವಳ ಮಗ್ಗವೂ ಉರಿದುಹೋಗಿತ್ತು. ಅವಳು ಲಾಳಿ ನಿಲ್ಲಿಸದೆಯೇ ಹೇಳಿದಳು:

"ಅವ್ರು ಸುಟ್ಟಿದ್ದನ್ನ ಮರ್ತಿಲ್ಲಮ್ಮ. ಕಟ್ಟಿದ್ದನ್ನೂ ಮರ್ತಿಲ್ಲ. ಜಾಗ ಇದೆ, ಕರ್ಕೊಂಡ್ಬನ್ನಿ."

ಕೋಟೆಯ ಬಾಗಿಲವರೆಗೆ ಪೆಟ್ಟಿಗೆಯನ್ನು ಸೈನಿಕರು ಹೊತ್ತರು. ಅಲ್ಲಿಂದ ಮುಂದೆ ನೇಕಾರರು ಹೆಗಲು ಕೊಟ್ಟರು.

ನಿನ್ನ ಕೂಸಿಗೆ ನನ್ನ ಮುತ್ತು. ದಾರಿಯ ಹಿಮ ಕರಗಿದ ಮೇಲೆ ಬಾ.

ನಿನ್ನ ಅಮ್ಮ,
ಯೂಲಿಯಾನ

ಮತ್ತೊಂದು ಮಾತು: ಇದನ್ನು ಪಾದ್ರಿಗೂ ಹೇಳಲಿಲ್ಲ, ನಿನಗೂ ಇಷ್ಟು ದಿನ ಹೇಳಲಾಗಲಿಲ್ಲ. ನಿನಗೊಬ್ಬ ಅಣ್ಣನಿದ್ದ, ಲುಡೋಲ್ಫ್. ಕೆಳಪೇಟೆ ಉರಿಯುವಾಗ ಅವನು ನನ್ನ ಹೊಟ್ಟೆಯಲ್ಲಿದ್ದ. ಉಗ್ರಾಣದಲ್ಲಿ ಹಬ್ಬಿದ ಜ್ವರ ನಮ್ಮ ತೊಟ್ಟಿಲಿಗೂ ಬಂತು. ಅವನು ಈಸ್ಟರ್ ಹಬ್ಬ ಕಾಣಲಿಲ್ಲ. ಗೆರ್ಟ್ರೂಡಳ ಮಕ್ಕಳಿಬ್ಬರೂ ಅದೇ ವಾರ ಹೋದರು. ಹೆಪ್ಪುಗಟ್ಟಿದ ಆ ನೆಲವನ್ನು ಮೂವರಿಗೂ ತೋಡಿದ್ದು ನಿನ್ನ ತಂದೆಯೇ. ಈಗ ಅವರನ್ನು ಆ ಮಕ್ಕಳ ಪಕ್ಕದಲ್ಲೇ ಮಲಗಿಸಿದ್ದೇವೆ.