ತಿರುವಿ ಹಾಕದ ‘ಲಾಳಿ’

ಬೆಟಗೇರಿ, ಫೆಬ್ರವರಿ ಮೂವತ್ತು, ೨೧೩೧
(ಫೆಬ್ರವರಿಗೆ ಅದರ ಎರಡು ದಿನ ನಾವು ವಾಪಸ್ ಕೊಟ್ಟು ಬಹಳ ವರ್ಷವಾಯಿತು.)

೧೯೯೪ರ ಏಪ್ರಿಲ್‌ನಲ್ಲಿರುವ ಸಂಗೀತ ವಿಮರ್ಶಕ ಪದ್ಮರಾಜ ಉಪಾಧ್ಯೆ ಸಾಹೇಬರಿಗೆ ಬಸಲಿಂಗಪ್ಪ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಬೇಕು. ಊರ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವನು. ಆದರೂ ನನ್ನಷ್ಟು ಚೆಂದ ಪತ್ರ ಬರೆಯುವವರು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ, ನನ್ನನ್ನು ಕಾಕಾ ಎನ್ನುವ ಮೂವತ್ತು ಮಂದಿಯೂ ಒಪ್ಪುತ್ತಾರೆ. ಇದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಹಾಳೆ. ಸತ್ತುಹೋದ ತನ್ನ ಅವ್ವನಿಗೆ ಬರೆಯೆಂದು ಹೆಂಡತಿ ಕೇಳಿಕೊಂಡಳು. ನಾನು ನಿಮಗೆ ಬರೆಯುತ್ತಿದ್ದೇನೆ. ಸಿಟ್ಟು ಎಷ್ಟಿರಬಹುದೆಂದು ನೀವೇ ಅಳೆದುಕೊಳ್ಳಿ.

ಸುಮಿತ್ರಾ ಹೂಗಾರ ಎಂಬ ಹುಡುಗಿಯ ‘ಲಾಳಿ’ ಕ್ಯಾಸೆಟ್ಟನ್ನು ಹೋದ ವಾರವಷ್ಟೇ ನಿಮ್ಮ ಪತ್ರಿಕೆಯಲ್ಲಿ ಕೊಂದಿರಿ. ಮುಂದೆ ಅವಳು ನಯವಾದ ಪ್ರೇಮಗೀತೆ ಹಾಡಿ ನಾಡಿಗೆಲ್ಲ ಹೆಸರಾಗುತ್ತಾಳೆ; ನೀವೂ ಹೊಗಳುತ್ತೀರಿ. ಈ ಮೊದಲ ರಾಕ್ ಕ್ಯಾಸೆಟ್ಟಿಗೆ ನಾಚಿ, ಮಾರಾಟವಾದ ಇನ್ನೂರನ್ನೂ ಹುಡುಕಿ ತರಿಸಿ ಸುಡುತ್ತಾಳೆ. ಉಳಿಯುವುದು ವಿಮರ್ಶೆಗೆಂದು ನಿಮಗೆ ಕಳಿಸಿದ್ದೊಂದೇ. ಅದರಲ್ಲಿ ಡ್ರಮ್ ಬಾರಿಸಿದವನು ನಮ್ಮ ಅಜ್ಜನ ಅಜ್ಜ ಫಕೀರಪ್ಪ. ಇದೇ ಬೆಟಗೇರಿಯಲ್ಲಿ ಹಗಲೆಲ್ಲ ಮಗ್ಗ ನಡೆಸಿ, ಮಗ್ಗದ ಏಟನ್ನೇ ಡ್ರಮ್ಮಿಗೆ ತಂದವನು. ನೀವು ‘ತಗಡು ಬಿದ್ದ ಸದ್ದು’ ಎಂದಿರಿ. ಅದನ್ನು ಓದಿ ಅವನು ಹೆಂಡತಿಗೆ ಹೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಉಳಿದಿದೆ: “ಡ್ರಮ್ಮಿನ್ಯಾಗ ಜ್ವಾಳಾ ತುಂಬು. ಇನ್ನ ನಾ ಅದನ್ನ ಮುಟ್ಟಂಗಿಲ್ಲ.” ಮುಟ್ಟಲಿಲ್ಲ.

ಆದರೆ ಸಾಹೇಬರೇ, ನಿಮ್ಮ ಕಳ್ಳತನ ಹಿಡಿದವನು ನಾನು. ‘ಐದೇ ಹಾಡಿಗೆ ಉಸಿರು ಕಟ್ಟಿತು’ ಎಂದು ಬರೆದಿದ್ದೀರಿ. ಹಾಡು ಹತ್ತು, ಮಗ್ಗುಲಿಗೆ ಐದೈದು. ನೀವು ಕ್ಯಾಸೆಟ್ಟನ್ನು ತಿರುವಿ ಹಾಕಲೇ ಇಲ್ಲ.

ನಮ್ಮಲ್ಲಿ ಓಣಿಗೊಂದು ಕೇಳ್ಮನೆ ಇದೆ. ಹಳೆಯ ಸದ್ದುಗಳನ್ನು ಕೂಡಿ ಕೇಳುವ ಜಾಗ. ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ಬರಿಗಾಲೂರಿ ಕೂರುತ್ತೇವೆ, ಡ್ರಮ್ಮಿನ ಏಟು ಅಂಗಾಲಿನಿಂದ ಏರಲಿ ಎಂದು. ಮಿರ್ಚಿ ಭಜಿ ಒಯ್ಯಬಹುದು, ಹಾಡಿನ ನಡುವೆ ಕಚ್ಚುವಂತಿಲ್ಲ. ಹೋದ ವರ್ಷ ನಿಮ್ಮ ವಂಶದ ಹೆಣ್ಣುಮಗಳೊಬ್ಬಳು, ತಮ್ಮ ಹಿರಿಯರ ಭಾಷಣವೆಂದು ಹೆಮ್ಮೆಯಿಂದ ಒಂದು ಕ್ಯಾಸೆಟ್ ತಂದುಕೊಟ್ಟಳು. ಎ ಸೈಡಿನಲ್ಲಿ ನೀವೇ: ‘ಗಮನವಿಟ್ಟು ಕೇಳುವುದು ಹೇಗೆ’ ಎಂದು ಇಪ್ಪತ್ತೆರಡು ನಿಮಿಷ, ನಡುವೆ ನಾಲ್ಕು ಸಲ ನಿಮ್ಮ ಸೀನು. ನಾನು ತಿರುವಿ ಹಾಕಿದೆ. ‘ಲಾಳಿ’ಯ ಬಿ ಸೈಡು. ಫಕೀರಪ್ಪನ ಏಟು ಅಂಗಾಲಿಗೆ ತಾಗಿತು, ಮಿರ್ಚಿ ಅಲ್ಲೇ ತಣ್ಣಗಾಯಿತು. ಈಗ ಊರೂರಿನಲ್ಲಿ ಅದೇ ಹಾಡು. ಪ್ರತಿ ಸಲವೂ ಮೊದಲು ನಿಮ್ಮ ವಿಮರ್ಶೆ ಓದಿಸುತ್ತೇನೆ. ‘ಐದೇ ಹಾಡು’ ಬಂದಾಗ ಮಕ್ಕಳೂ ನಗುತ್ತವೆ.

ಎ ಸೈಡಿನ ಐದು ಹಾಡು ಮಾತ್ರ ಜಗತ್ತಿನಲ್ಲೆಲ್ಲೂ ಇಲ್ಲ. ನಿಮ್ಮ ಭಾಷಣದ ಅಡಿಯಲ್ಲಿ ಸತ್ತಿವೆ.

ಬರುವ ಭಾನುವಾರ ನೀವು ಭಾಷಣದ ತಾಲೀಮಿಗೆ ಕ್ಯಾಸೆಟ್ ಹುಡುಕುತ್ತೀರಿ. ಇದನ್ನೇ ಎತ್ತಿಕೊಂಡು, ಹಾಡು ಅಳಿಯದಂತೆ ಕಾಯುವ ಬೆನ್ನಿನ ಕಿಂಡಿಗೆ ಕಾಗದ ತುರುಕಿ, ರೆಕಾರ್ಡಿನ ಕೆಂಪು ಗುಂಡಿ ಒತ್ತುತ್ತೀರಿ. ಒತ್ತಬೇಡಿ. ಬೇಡುವುದು ನನ್ನ ಜಾಯಮಾನವಲ್ಲ, ಬೇಡುತ್ತಿದ್ದೇನೆ. ಒತ್ತಿದಿರೋ, ಆ ಭಾಷಣ ಪ್ರತಿ ವರ್ಷ ಎಲ್ಲ ಕೇಳ್ಮನೆಗಳಲ್ಲೂ ಮೊಳಗುತ್ತದೆ, ನಾಲ್ಕೂ ಸೀನಿನ ಸಮೇತ. ನಾನು ಸತ್ತ ಮೇಲೂ ನಿಲ್ಲದಂತೆ ಏರ್ಪಾಡು ಮಾಡಿದ್ದೇನೆ.

ಹಾಳೆಯ ಈ ಮಗ್ಗುಲು ತುಂಬಿತು. ಇದನ್ನಾದರೂ ತಿರುವಿ ನೋಡಿ.

(ಹಾಳೆಯ ಹಿಂದೆ)

ತಿರುವಿದಿರಲ್ಲ. ಇಷ್ಟೇ ಕೆಲಸ ಇದ್ದದ್ದು. ಈಗ ಕ್ಯಾಸೆಟ್ಟನ್ನೂ ತಿರುವಿ, ಆಮೇಲೆ ಬೆಟಗೇರಿಯ ಬಸ್ಸು ಹತ್ತಿ. ಫಕೀರಪ್ಪನ ಡ್ರಮ್ಮಿನಲ್ಲಿ ಜೋಳ ಇನ್ನೂ ಅರ್ಧವಷ್ಟೇ ತುಂಬಿದೆ.